ಜುಗಾರಿಗೆ ಸರಕಾರದ ಮುದ್ರೆ ಬೇಡ

ಸಂಬಳದ ದಿನ ಕೆಲಸಗಾರನ ಜೇಬಿನ ಮೇಲೆ ಕಣ್ಣಿಡುವವರು ಈ ಮಹಾನಗರದಲ್ಲಿ ಎಂದೂ ಕಡಿಮೆಯಾದದ್ದಿಲ್ಲ. ಗಿರಣಿಯ ಬಾಗಿಲಲ್ಲಿ ಬಡ್ಡಿಯವನು, ಗಲ್ಲಿಯ ತಿರುವಿನಲ್ಲಿ ಸಾರಾಯಿಯವನು, ಪಾನ್ ಅಂಗಡಿಯ ಮರೆಯಲ್ಲಿ ಮಟ್ಕಾ ಚೀಟಿ ಬರೆಯುವವನು ಇವರೆಲ್ಲ ನಮ್ಮ ಹಿರಿಯರಿಗೆ ಚೆನ್ನಾಗಿ ಪರಿಚಿತರು. ಈ ಸಾಲಿನಲ್ಲಿ ಬಂದು ನಿಲ್ಲಲು ಸರಕಾರವನ್ನೇ ಆಹ್ವಾನಿಸುವವರೂ ಇದ್ದಾರೆ. ಕ್ಯಾಸಿನೋಗಳಿಗೂ ಪೋಕರ್ ಕೊಠಡಿಗಳಿಗೂ ರಾಜ್ಯವೇ ಪರವಾನಗಿ ಕೊಡಲಿ, ತೆರಿಗೆ ಎತ್ತಲಿ, ಆ ಹಣದಲ್ಲಿ ಶಾಲೆ ಆಸ್ಪತ್ರೆಗಳನ್ನು ಕಟ್ಟಲಿ ಎಂಬುದು ಇವರ ವಾದ. ನಾವು ಇದನ್ನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲವೆಂಬುದನ್ನು ವಾಚಕ ಬಂಧುಗಳ ಮುಂದಿಡುವುದು ನಮ್ಮ ಕರ್ತವ್ಯ.

ಮೊದಲು ನಡೆದ ಸಂಗತಿಯನ್ನು ನೋಡೋಣ. ನಮ್ಮ ಸಂವಿಧಾನದಲ್ಲಿ ಜೂಜು ರಾಜ್ಯಗಳ ಪಾಲಿಗೆ ಬಂದ ವಿಷಯ. ಮುಂಬಯಿಯಲ್ಲಿ 1887ರಿಂದಲೂ ಜೂಜು ನಿರೋಧಕ ಕಾಯಿದೆಯುಂಟು. ಹೀಗಿದ್ದರೂ 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಮಹಾರಾಷ್ಟ್ರದ ವಿಧಾನಮಂಡಲ ಕ್ಯಾಸಿನೋಗಳ ನಿಯಂತ್ರಣ ಮತ್ತು ತೆರಿಗೆ ಕಾಯಿದೆಯನ್ನು ಮಾಡಿತು. ಮಟ್ಕಾದ ದೊರೆಯೆನಿಸಿದ ರತನ್ ಖತ್ರಿ ಸೆರೆಮನೆಯಲ್ಲಿದ್ದುದೂ ಅದೇ ತುರ್ತು ಪರಿಸ್ಥಿತಿಯಲ್ಲಿ. ಬಡವನ ಜೂಜಿಗೆ ಬೇಡಿ, ಸಿರಿವಂತನ ಜೂಜಿಗೆ ಶಾಸನ! ಆದರೆ ಆ ಕಾಯಿದೆ ಜಾರಿಗೆ ಬರುವ ದಿನವನ್ನು ಮುಂದೆ ಬಂದ ಯಾವ ಸರಕಾರವೂ ಘೋಷಿಸಲಿಲ್ಲ. ಅದನ್ನು ಜಾರಿಗೆ ತನ್ನಿರೆಂಬ ಮೊರೆ ಮುಂಬಯಿ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಕಡೆಗೆ 47 ವರ್ಷಗಳ ಬಳಿಕ, 2023ರಲ್ಲಿ, ಅದು ರದ್ದಾಯಿತು. ರದ್ದು ಮಾಡಿದವರನ್ನು ನಾವು ಅಭಿನಂದಿಸುತ್ತೇವೆ. ಆದರೆ ಕಾಯಿದೆ ಸತ್ತಿತೇ ಹೊರತು ಅದರ ಹಿಂದಿನ ಆಸೆ ಸತ್ತಿಲ್ಲ.

“ಜನ ಹೇಗೂ ಆಡುತ್ತಾರೆ, ಕದ್ದು ಆಡುವುದಕ್ಕಿಂತ ತೆರಿಗೆ ಕೊಟ್ಟು ಆಡಲಿ” ಎನ್ನುತ್ತಾರೆ. ಕೇಳಲು ಹಿತವಾದ ಮಾತು. ಆದರೆ ಈ ಪ್ರಯೋಗ ಇದೇ ಊರಲ್ಲಿ ಆಗಿಹೋಗಿದೆ. ನ್ಯೂಯಾರ್ಕಿನ ಹತ್ತಿಯ ದರದ ಮೇಲೆ ಪಣ ಕಟ್ಟುವ ಆಟದಿಂದ ಹುಟ್ಟಿದ ಮಟ್ಕಾ, 1962ರಲ್ಲಿ ಕಲ್ಯಾಣಜಿ ಭಗತರ ಕೈಯಲ್ಲಿ ವರ್ಲಿಯಲ್ಲಿ ಬೇರೂರಿತು. ಮಡಕೆಯಿಂದ ಚೀಟಿ ಎತ್ತಿ ಅಂಕೆ ಹೇಳುವ ಆ ಆಟಕ್ಕೆ ಗಿರಣಿಗಾಂವದ ಚಾಳುಗಳೇ ಆಧಾರ. 1969ರಲ್ಲಿ ರಾಜ್ಯ ಸರಕಾರ ತನ್ನದೇ ಲಾಟರಿಯನ್ನು ತೆರೆಯಿತು. ಸರಕಾರದ ಟಿಕೇಟು ಬಂದಿತೆಂದು ಮಟ್ಕಾ ಅಡಗಿತೇ? ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಅದು ಇನ್ನಷ್ಟು ಕೊಬ್ಬಿತು. ಕೆಲಸಗಾರನ ಒಂದು ಜೇಬಿಗೆ ಎರಡು ಕೈಗಳು ಇಳಿದವು, ಅಷ್ಟೆ. ಕಳ್ಳ ಜೂಜನ್ನು ಸಾಚಾ ಜೂಜು ಓಡಿಸುತ್ತದೆಂಬ ಮಾತಿಗೆ ಈ ನಗರದ ಚರಿತ್ರೆಯೇ ಉತ್ತರ ಹೇಳಿದೆ.

“ಪೋಕರ್ ಅದೃಷ್ಟದ ಆಟವಲ್ಲ, ಬುದ್ಧಿಯ ಆಟ” ಎನ್ನುವವರೂ ಇದ್ದಾರೆ. ಇರಲಿ. ಕರ್ನಾಟಕದ ಉಚ್ಚ ನ್ಯಾಯಾಲಯ 2013ರಲ್ಲಿ ಪೋಕರ್ ಪರವಾಗಿ ಹೇಳಿತು. ಗುಜರಾತಿನ ಉಚ್ಚ ನ್ಯಾಯಾಲಯ 2017ರಲ್ಲಿ ಅದನ್ನು ಜೂಜೆಂದಿತು. ನ್ಯಾಯಾಧೀಶರಲ್ಲೇ ಒಮ್ಮತವಿಲ್ಲದಲ್ಲಿ ನಾವು ತೀರ್ಪು ಕೊಡಹೊರಟಿಲ್ಲ. ನಮ್ಮ ಪ್ರಶ್ನೆ ಬೇರೆ. ಕೊಠಡಿ ನಡೆಸುವವನು ಆಡುವುದಿಲ್ಲ. ಮೇಜಿನ ಮೇಲಿನ ಪಣದ ರಾಶಿಯಿಂದ ತನ್ನ ಪಾಲನ್ನು ಎತ್ತಿಕೊಳ್ಳುತ್ತಾನೆ. ಯಾರ ಬುದ್ಧಿ ಗೆದ್ದರೂ ಆತನ ಪಾಲು ಖಚಿತ. ಸರಕಾರ ಪರವಾನಗಿ ಕೊಡುವುದು ಆಟಗಾರನ ಬುದ್ಧಿಗಲ್ಲ, ಈ ಪಾಲಿಗೆ. 1957ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಮೊಕದ್ದಮೆ ನಮಗೆ ಹತ್ತಿರದ್ದೇ: ಬೆಂಗಳೂರಿನಿಂದ ಹೊರಡುತ್ತಿದ್ದ ಪತ್ರಿಕೆಯೊಂದು ಬಹುಮಾನದ ಸ್ಪರ್ಧೆಗಳನ್ನು ಮುಂಬಯಿಯಲ್ಲಿ ಹರಡಿತ್ತು. ಜೂಜು ವ್ಯಾಪಾರವೇ ಅಲ್ಲ, ಅದಕ್ಕೆ ವ್ಯಾಪಾರದ ಮೂಲಭೂತ ಹಕ್ಕು ಇಲ್ಲವೆಂದು ನ್ಯಾಯಾಲಯ ಅಂದೇ ಸಾರಿತು.

“ಕ್ಯಾಸಿನೋ ಪ್ರವಾಸಿಗಳಿಗೆ ಮಾತ್ರ, ಕೂಲಿಯವನು ಅಲ್ಲಿಗೇಕೆ ಹೋದಾನು?” ಎಂಬುದು ಇನ್ನೊಂದು ಸಮಾಧಾನ. ಮಾಂಡೋವಿ ನದಿಯ ಮೇಲೆ ಜೂಜಿನ ಹಡಗುಗಳನ್ನು ನಿಲ್ಲಿಸಿಕೊಂಡ ಗೋವೆಯನ್ನು ನೋಡಿ. 2020ರಲ್ಲಿ ಆ ಸರಕಾರ ತನ್ನ ಪ್ರಜೆಗಳೇ ಆ ಜೂಜಿನ ಮನೆಗಳಿಗೆ ಹೋಗಬಾರದೆಂದು ನಿಷೇಧಿಸಬೇಕಾಯಿತು. ತನ್ನ ಮನೆಯ ಮಕ್ಕಳಿಗೆ ಉಣಿಸಲಾಗದ ಅಡುಗೆಯನ್ನು ಅತಿಥಿಗೆ ಬಡಿಸುವುದು ಯಾವ ಧರ್ಮ? ಆ ಅತಿಥಿ ಬೇರೆ ಯಾರೂ ಅಲ್ಲ, ಮುಂಬಯಿಯಿಂದಲೋ ಬೆಳಗಾವಿಯಿಂದಲೋ ಬಸ್ಸು ಹತ್ತಿ ಹೋದ ನಮ್ಮವನೇ.

ಎಲ್ಲಕ್ಕಿಂತ ದೊಡ್ಡ ಆಕ್ಷೇಪಣೆ ನಮಗೆ ಪುಸ್ತಕದಿಂದ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ಉಪನಗರದ ಹೋಟೆಲೊಂದರ ಹುಡುಗ ಊರಿಗೆ ಹೋಗಲು ರೈಲಿನ ಖರ್ಚಿಗೆ ಹಣ ಕೇಳಿಕೊಂಡು ನಮ್ಮ ಸಂಘದ ಕಚೇರಿಗೆ ಬಂದಿದ್ದ. ನಾಲ್ಕು ತಿಂಗಳ ಸಂಬಳ ಮೊಬೈಲಿನ ರಮ್ಮಿಯಲ್ಲಿ ಕರಗಿತ್ತು. ಕುಂದಾಪುರದ ಕಡೆಯ ಮನೆಗೆ ಹಣ ಹೋಗಿರಲಿಲ್ಲ. “ಜುಗಾರಿ ಆಡಿದೆಯಾ ಮಾರಾಯ?” ಎಂದು ಗದರಿದಾಗ ಅವನು ತಲೆಯೆತ್ತಿ ಹೇಳಿದ: “ಇಲ್ಲ ಸಾರ್, ಜುಗಾರಿ ನಾನು ಆಡುವವನಲ್ಲ. ಇದು ಗೇಮ್. ಇದಕ್ಕೆ ಪರ್ಮಿಶನ್ ಉಂಟು.” ಮಟ್ಕಾ ಆಡಿದ ಹಿರಿಯ ತಾನು ತಪ್ಪು ಮಾಡುತ್ತಿದ್ದೇನೆಂದು ಬಲ್ಲವನಾಗಿದ್ದ; ಹೆಂಡತಿಯೆದುರು ಚೀಟಿ ಮುಚ್ಚಿಡುತ್ತಿದ್ದ. ಆ ಅಂಜಿಕೆ ಎಷ್ಟೋ ಮನೆಗಳನ್ನು ಉಳಿಸಿದೆ. ಸರಕಾರದ ಮುದ್ರೆ ಮೊದಲು ಅಳಿಸುವುದು ಈ ಅಂಜಿಕೆಯನ್ನೇ.

ಯಕ್ಷಗಾನ ನೋಡಿ ಬೆಳೆದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಧರ್ಮರಾಯ ಸೋತದ್ದು ಕಳ್ಳಗೂಡಿನಲ್ಲಲ್ಲ. ಅರಸನೇ ಕಟ್ಟಿಸಿದ ಸಭೆಯಲ್ಲಿ, ಅರಸನ ಆಮಂತ್ರಣದ ಮೇಲೆ, ಹಿರಿಯರೆಲ್ಲ ಸಾಲಾಗಿ ಕುಳಿತಿದ್ದಾಗ ಸೋತ. ಪರವಾನಗಿಗೇನೂ ಕೊರತೆಯಿರಲಿಲ್ಲ.

2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಬುದ್ಧಿಯದಿರಲಿ ಅದೃಷ್ಟದ್ದಿರಲಿ, ನಿಷೇಧಿಸುವ ಕಾಯಿದೆ ಮಾಡಿದೆ. ಆಡಿಸುವವನಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿ ಕೆಟ್ಟವನಿಗೆ ಶಿಕ್ಷೆಯಿಲ್ಲ. ಕಂಪನಿಗಳು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿವೆ. ನಾವು ಆ ನೀತಿಯನ್ನು ಮೆಚ್ಚುತ್ತೇವೆ. ಫೋನಿನ ಬಾಗಿಲು ಮುಚ್ಚಿದರೆ ಬೀದಿಯ ಬಾಗಿಲು ತೆರೆಯಿರೆಂಬ ಒತ್ತಡ ರಾಜ್ಯಗಳ ಮೇಲೆ ಬರುವುದು ಸಹಜ. ಈಗಲೇ ಎಚ್ಚರದಿಂದಿರಬೇಕು.

ಬರಿಯ ನಿಷೇಧದಿಂದ ಎಲ್ಲವೂ ಸರಿಹೋಗುತ್ತದೆಂದು ನಾವು ನಂಬಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಈ ನಗರ ಮಟ್ಕಾದ ಕಾಲದಲ್ಲಿ ಸಾಕಷ್ಟು ಕಂಡಿದೆ. ಚಾಪೆಯ ಮೇಲೆ ಇಸ್ಪೀಟು ಹಿಡಿದ ನಾಲ್ವರು ಕೂಲಿಗಳನ್ನು ಠಾಣೆಗೆ ಒಯ್ದು, ಅಡ್ಡೆಯ ಯಜಮಾನನಿಗೆ ನಮಸ್ಕರಿಸುವ ನಿಷೇಧ ನಮಗೆ ಬೇಕಿಲ್ಲ. ಕಾಯಿದೆಯ ಕೈ ಯಜಮಾನನ ಕತ್ತಿಗೆ ಬೀಳಬೇಕು.

ಇನ್ನೊಂದು ಮಾತು, ಕಹಿಯಾದರೂ ಹೇಳಲೇಬೇಕು. ನಮ್ಮ ಸಂಘಗಳ ಸ್ನೇಹಕೂಟಗಳಲ್ಲೇ ಹೌಸಿ ನಡೆಯುತ್ತದೆ, ಕಟ್ಟಡ ನಿಧಿಗೆಂದು ಅದೃಷ್ಟ ಚೀಟಿ ಮಾರುತ್ತೇವೆ, ರವಿವಾರ ಮಧ್ಯಾಹ್ನ ಸಭಾಗೃಹದ ಹಿಂದಿನ ಕೋಣೆಯಲ್ಲಿ ಪಣವಿಟ್ಟು ಎಲೆ ಹಂಚುತ್ತೇವೆ. “ಒಳ್ಳೆಯ ಕೆಲಸಕ್ಕೆ ತಾನೆ?” ಎನ್ನುತ್ತೇವೆ. ಸರಕಾರವೂ ನಾಳೆ ಅದನ್ನೇ ಹೇಳುತ್ತದೆ. ನಮ್ಮ ಹಿರಿಯರು ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿ ಶಾಲೆ ನಡೆಸಿದರು; ಅದಕ್ಕೆ ಅವರು ಹಣ ಕೂಡಿಸಿದ್ದು ಮನೆಮನೆ ತಿರುಗಿ. ಮಂತ್ರಾಲಯಕ್ಕೆ ಮನವಿ ಒಯ್ಯುವ ಮೊದಲು ಆ ಹಿಂದಿನ ಕೋಣೆಯ ಇಸ್ಪೀಟು ಎತ್ತಿಡೋಣ, ಅಲ್ಲೊಂದು ವಾಚನಾಲಯ ತೆರೆಯೋಣ. ಆಮೇಲೆ ಜುಗಾರಿಗೆ ಮುದ್ರೆ ಒತ್ತಬೇಡಿರೆಂದು ಸರಕಾರಕ್ಕೆ ಹೇಳುವ ನಮ್ಮ ಮಾತಿಗೆ ತೂಕ ಬಂದೀತು.