ಮರೀನಾ ಸಿಲ್ವಾ: ಪ್ರಾರ್ಥನೆ ಮತ್ತು ಮತಪೆಟ್ಟಿಗೆ

ದೈವಶ್ರದ್ಧೆಯುಳ್ಳವರು ಅಧಿಕಾರಕ್ಕೆ ಬಂದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ನಮ್ಮ ಚರ್ಚೆಗಳಲ್ಲಿ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಕೆಲವರಿಗೆ ಅದು ಧರ್ಮರಾಜ್ಯದ ಆರಂಭ, ಕೆಲವರಿಗೆ ಅನಾಹುತದ ಮುನ್ಸೂಚನೆ. ಬ್ರೆಜಿಲ್ಲಿನ ಮರೀನಾ ಸಿಲ್ವಾ ಅವರ ರಾಜಕೀಯ ಜೀವನ ಈ ಎರಡಕ್ಕೂ ಒಗ್ಗುವುದಿಲ್ಲ. ಅವರ ಸೋಲುಗಳನ್ನು ಅವರ ಶ್ರದ್ಧೆಯ ಲೆಕ್ಕಕ್ಕೆ ಬರೆಯುವವರ ಮಾತನ್ನು ನಾನಂತೂ ಒಪ್ಪಲಾರೆ.

1958ರಲ್ಲಿ ಆಕ್ರೆ ರಾಜ್ಯದ ರಬ್ಬರ್ ಕಾಡಿನಲ್ಲಿ ಹುಟ್ಟಿದ ಮರೀನಾ, ಮರಗಳಿಂದ ರಬ್ಬರ್ ಹಾಲು ಇಳಿಸುವ ಕುಟುಂಬದ ಮಗಳು. ಹದಿನಾರನೆಯ ವಯಸ್ಸಿನವರೆಗೆ ಅಕ್ಷರ ಕಲಿತಿರಲಿಲ್ಲ. ಕಾಯಿಲೆಗೆ ಚಿಕಿತ್ಸೆ ಪಡೆಯಲು ರಾಜಧಾನಿ ರಿಯೊ ಬ್ರಾಂಕೊಗೆ ಬಂದವರು ಅಲ್ಲೇ ಉಳಿದರು. ಅವರ ಆಸೆ ಇದ್ದದ್ದು ಕ್ರೈಸ್ತ ಸನ್ಯಾಸಿನಿಯಾಗಬೇಕೆಂದು. ಕಾನ್ವೆಂಟಿನಲ್ಲಿದ್ದರು, ಮನೆಗೆಲಸ ಮಾಡಿದರು, ಕೊನೆಗೆ ಇತಿಹಾಸದಲ್ಲಿ ಪದವಿ ಪಡೆದರು. ಅವರನ್ನು ಬೀದಿಗೆ ಕರೆತಂದದ್ದೂ ಧರ್ಮವೇ. ಬಡವರ ಬಿಡುಗಡೆಯನ್ನು ಬಿಟ್ಟು ಬೈಬಲ್ಲಿಗೆ ಬೇರೆ ಅರ್ಥವಿಲ್ಲವೆನ್ನುತ್ತಿದ್ದ ವಿಮೋಚನಾ ದೇವಶಾಸ್ತ್ರ ಆಗ ಲ್ಯಾಟಿನ್ ಅಮೆರಿಕದ ಚರ್ಚುಗಳಲ್ಲಿ ಹರಡಿತ್ತು. ಆ ಹಾದಿಯಲ್ಲೇ ಅವರಿಗೆ ರಬ್ಬರ್ ಕೆಲಸಗಾರರ ನಾಯಕ ಶಿಕೊ ಮೆಂಡಿಸ್ ಸಿಕ್ಕರು. ಮರ ಕಡಿಯಲು ಬಂದವರ ಗರಗಸಗಳಿಗೆ ಜನ ಗುಂಪಾಗಿ ಎದುರು ನಿಲ್ಲುವುದು ಅವರ ಹೋರಾಟದ ಕ್ರಮ. 1988ರ ಡಿಸೆಂಬರಿನಲ್ಲಿ ಶಿಕೊ ಅವರನ್ನು ಮನೆಯ ಬಳಿಯೇ ಗುಂಡಿಕ್ಕಿ ಕೊಂದರು. ಮರೀನಾ 1994ರಲ್ಲಿ, ಮೂವತ್ತಾರನೆಯ ವಯಸ್ಸಿಗೆ, ಸೆನೆಟಿಗೆ ಆಯ್ಕೆಯಾದರು. ಅದೇ ದಶಕದಲ್ಲಿ ಕ್ಯಾಥೊಲಿಕ್ ಪಂಥ ಬಿಟ್ಟು ಅಸೆಂಬ್ಲಿ ಆಫ್ ಗಾಡ್ ಎಂಬ ಪೆಂಟಕೋಸ್ಟಲ್ ಸಭೆಗೆ ಸೇರಿದರು.

2003ರಲ್ಲಿ ಲೂಲಾ ಅವರನ್ನು ಪರಿಸರ ಸಚಿವೆಯಾಗಿ ಮಾಡಿದಾಗ, ಈ ಶ್ರದ್ಧಾಳು ಕಾಡಿನ ರಕ್ಷಣೆಗೆ ದೇವರ ಆಣೆ ಹಾಕಿಸಲಿಲ್ಲ. ಉಪಗ್ರಹ ಚಿತ್ರಗಳ ಮೂಲಕ ಕಾಡುಕಡಿತದ ಸುಳಿವು ಬೇಗನೆ ಸಿಗುವ ವ್ಯವಸ್ಥೆ ಬಂತು. ಹೊಸ ರಕ್ಷಿತ ಪ್ರದೇಶಗಳು ಘೋಷಿತವಾದವು. ಪರಿಸರ ನಿಯಮ ಪಾಲಿಸದ ಅಮೆಜಾನ್ ಜಮೀನುದಾರರಿಗೆ ಬ್ಯಾಂಕ್ ಸಾಲ ನಿಲ್ಲಿಸುವ ನಿಯಮವೂ ರೂಪುಗೊಂಡಿತು. ಒಣ ಆಡಳಿತದ ಕೆಲಸ. ಆದರೆ 2004ರಲ್ಲಿ 27,000 ಚದರ ಕಿಲೋಮೀಟರ್ ದಾಟಿದ್ದ ಅಮೆಜಾನಿನ ವಾರ್ಷಿಕ ಕಾಡುನಾಶ 2012ರ ಹೊತ್ತಿಗೆ 5,000ಕ್ಕಿಂತ ಕೆಳಗಿಳಿಯಿತು. ಅಷ್ಟರಲ್ಲಿ ಮರೀನಾ ಕುರ್ಚಿಯಲ್ಲಿರಲಿಲ್ಲ. ಅಣೆಕಟ್ಟು ಮತ್ತು ಕೃಷಿ ವಿಸ್ತರಣೆಯ ಪರವಾಗಿದ್ದವರೊಡನೆ ಸರ್ಕಾರದೊಳಗೇ ಸೆಣಸಿ, 2008ರ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟಿದ್ದರು.

ಅವರ ವಿರುದ್ಧ ಹೇಳಬಹುದಾದದ್ದು 2014ರಲ್ಲಿದೆ. ಅಧ್ಯಕ್ಷ ಅಭ್ಯರ್ಥಿ ಎಡ್ವಾರ್ಡೊ ಕಾಂಪೊಸ್ ಆಗಸ್ಟ್ 13ರಂದು ವಿಮಾನ ಅಪಘಾತದಲ್ಲಿ ಮಡಿದಾಗ, ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿದ್ದ ಮರೀನಾ ಆ ಜಾಗಕ್ಕೆ ಬಂದರು. ತಿಂಗಳ ಕೊನೆಗೆ ಹೊರಬಂದ ಪ್ರಣಾಳಿಕೆಯಲ್ಲಿ ಸಲಿಂಗ ವಿವಾಹಕ್ಕೆ ಬೆಂಬಲವಿತ್ತು. ಪಾದ್ರಿ ಸೀಲಸ್ ಮಲಾಫಾಯ ಟ್ವಿಟರಿನಲ್ಲಿ ಗುಡುಗಿದರು. ಮರುದಿನವೇ ಆ ಭಾಗ ತಿದ್ದಿಹೋಗಿತ್ತು. ಮುದ್ರಣಕ್ಕೆ ತಪ್ಪಾದ ಪ್ರತಿ ಹೋಗಿತ್ತೆಂಬ ಬಗೆಯ ಸಮಜಾಯಿಷಿಯೂ ಬಂತು. ಅದನ್ನು ಯಾರು ನಂಬಬೇಕು? ಧರ್ಮ ರಾಜಕೀಯಕ್ಕೆ ಬಂದರೆ ಆಗುವುದೇ ಇದು ಎಂದು ಎಡಪಂಥೀಯರು ಅಂದೇ ತೀರ್ಪು ಕೊಟ್ಟರು. ನನಗೆ ಕಾಣುವುದು ಬೇರೆ. ಅಂದು ಅವರು ಬಗ್ಗಿದ್ದು ದೇವರಿಗಲ್ಲ, ಪಾದ್ರಿಯ ಕೈಯಲ್ಲಿದ್ದ ಮತಗಳಿಗೆ. ದೇವರನ್ನೇ ನಂಬದವರೂ ಅಷ್ಟೇ ಸಲೀಸಾಗಿ ಹಾಗೆ ಬಗ್ಗಿಯಾರು. ಅದರಿಂದ ಅವರ ತಪ್ಪು ಹಗುರಾಗುವುದಿಲ್ಲ; ಹಕ್ಕಿನ ಮಾತನ್ನು ಒಂದು ದಿನದೊಳಗೆ ಹಿಂತೆಗೆದುಕೊಂಡವರನ್ನು ಸಲಿಂಗಿಗಳು ಏಕೆ ಕ್ಷಮಿಸಬೇಕು?

ಬಗ್ಗಿದ್ದಕ್ಕೆ ಮತವಾದರೂ ದಕ್ಕಿತೇ? 2010ರಲ್ಲಿ ಶೇ. 19, 2014ರಲ್ಲಿ ಶೇ. 21 ಮತ ಪಡೆದಿದ್ದವರು 2018ರಲ್ಲಿ ಶೇ. 1ಕ್ಕೆ ಕುಸಿದರು. ಇವಾಂಜೆಲಿಕಲ್ ಮತದಾರರಲ್ಲಿ ಬಹುಪಾಲು ಜನ ಒಲಿದದ್ದು ಜೈರ್ ಬೊಲ್ಸೊನಾರೊಗೆ. ಆತ ಕ್ಯಾಥೊಲಿಕ್, ಆದರೂ 2016ರಲ್ಲಿ ಜೋರ್ಡನ್ ನದಿಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡ. ಮಾಡಿಸಿದ ಪಾದ್ರಿ ಎವೆರಾಲ್ಡೊ ಮರೀನಾ ಅವರ ಅಸೆಂಬ್ಲಿ ಆಫ್ ಗಾಡ್ ಪಂಥದವರೇ! ಬ್ರೆಜಿಲ್ ಸಂಸತ್ತಿನಲ್ಲಿ ಬೈಬಲ್, ದನ, ಗುಂಡು ಎಂಬ ಮೂರು ಪದಗಳಿಂದ ಕರೆಯಲ್ಪಡುವ ಕೂಟವೊಂದಿದೆ. ಧರ್ಮನಿಷ್ಠರು, ಜಮೀನುದಾರರು, ಬಂದೂಕುಪ್ರಿಯರು ಅಲ್ಲಿ ಪರಸ್ಪರರಿಗೆ ಹೆಗಲು ಕೊಡುತ್ತಾರೆ. ದನದ ಮಂದೆಗಾಗಿ ಕಾಡು ಸುಡಬಾರದೆನ್ನುವ ಹೆಣ್ಣಿಗೆ ಆ ಬೈಬಲ್ಲಿನ ನೆರಳಲ್ಲಿ ಜಾಗವೆಲ್ಲಿ?

2023ರ ಜನವರಿಯಲ್ಲಿ ಅವರು ಮತ್ತೆ ಅದೇ ಖಾತೆಗೆ ಬಂದರು. ಕಾಡುನಾಶ ಮತ್ತೆ ಇಳಿಯತೊಡಗಿತು. 2025ರ ಮೇ 27ರಂದು ಸೆನೆಟಿನ ಸಮಿತಿಯೊಂದು ಅವರನ್ನು ವಿಚಾರಣೆಗೆ ಕರೆಯಿತು. ನಿಮ್ಮ ಜಾಗ ಅರಿತು ಕೂರಿ ಎಂದ ಒಬ್ಬ ಸೆನೆಟರ್. ಹೆಣ್ಣಾಗಿ ನಿಮಗೆ ಗೌರವ ಸಲ್ಲಬೇಕು, ಸಚಿವೆಯಾಗಿ ಸಲ್ಲದು ಎಂದ ಇನ್ನೊಬ್ಬ. ತಾವು ಅಲ್ಲಿಗೆ ಬಂದಿರುವುದು ಸಚಿವೆಯಾಗಿ ಎಂದು ನೆನಪಿಸಿದ ಮರೀನಾ ಕ್ಷಮೆ ಕೇಳಲು ಹೇಳಿದರು. ಆತ ಕೇಳಲಿಲ್ಲ. ಅವರು ಎದ್ದು ಹೊರನಡೆದರು.