ಭಾಷೆ ಎಣಿಸಿದರೆ ಸಾಕೇ?

ವಲಸೆಯ ಸಂಶೋಧನೆಯಲ್ಲಿ ವೈವಿಧ್ಯ ಅಂದರೆ ಭಾಷೆ, ಧರ್ಮಗಳನ್ನು ಎಣಿಸುವುದಷ್ಟೇ ಅಲ್ಲ. ಕೆಜಿಎಫ್ ನೋಡಿ. 1880ರಲ್ಲಿ ಜಾನ್ ಟೇಲರ್ ಕಂಪೆನಿ ಬಂದ ಮೇಲೆ ಬಂಗಲೆ ಸೇರಿದವರು ಬ್ರಿಟಿಷರು. ಗಣಿಯ ಆಳಕ್ಕಿಳಿದವರು ಹೆಚ್ಚಾಗಿ ಉತ್ತರ ಆರ್ಕಾಟಿನ ತಮಿಳು ದಲಿತರು. ಇಬ್ಬರೂ ವಲಸಿಗರೇ. ಇಬ್ಬರ ಪಾಡೂ ಒಂದೇ ಆಗಿತ್ತಾ?

ಬ್ರಿಟನ್ನಿನ ವಲಸಿಗರ ಬಗ್ಗೆ 2007ರಲ್ಲಿ ಬರೆದ ಸ್ಟೀವನ್ ವರ್ಟೊವೆಕ್, ಮೂಲದ ಜತೆಗೆ ಕೆಲಸ, ವೀಸಾ, ವಯಸ್ಸು, ಹೆಣ್ಣು-ಗಂಡು ಎಲ್ಲವನ್ನೂ ಕೂಡಿಸಿ ನೋಡಬೇಕು ಅಂದರು.

2001ರಲ್ಲಿ ಗಣಿ ಮುಚ್ಚಿತು. ಆ ಮನೆಗಳ ಎಷ್ಟೋ ಮಂದಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ದಿನಾ ರೈಲಲ್ಲಿ ದುಡಿಯಲು ಹೋಗುತ್ತಾರೆ. ರಾತ್ರಿ ಮನೆಗೆ ಮರಳುವ ಇವರು ಜನಗಣತಿಯ ವಲಸೆ ಲೆಕ್ಕಕ್ಕೇ ಸಿಗುವುದಿಲ್ಲ.

ಗಲ್ಫಿಗೆ ಮಕ್ಕಳನ್ನು ಕಳಿಸಿದ ನಾವೂ ಯೋಚಿಸಬೇಕು: ಅಲ್ಲಿ ಅಂಗಡಿ ಇಟ್ಟವನನ್ನೂ ವೀಸಾ ಮುಗಿದು ಸಿಕ್ಕಿಬಿದ್ದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ?