ಅತ್ತಿಯ ಹಣ್ಣಿನ ಹುಳ

ನಮ್ಮ ಶಾಲೆಯ ಹಿತಚಿಂತಕರಾದ ಪೂರ್ವ ವಿದ್ಯಾರ್ಥಿನಿಯರು ಅಂಗಳದ ಮೂಡಣ ಬದಿಯ ಅತ್ತಿಯ ಮರವನ್ನು ತೆಗೆಯಿಸಿ, ಅಲ್ಲಿ ಸಿಮೆಂಟು ಹಾಕಿಸಿ, ಥ್ರೋಬಾಲ್ ಆಟಕ್ಕೆ ಕಣವನ್ನು ಮಾಡಿಸಿಕೊಡಲು ಮುಂದೆ ಬಂದಿರುತ್ತಾರೆ. ಅವರ ಔದಾರ್ಯಕ್ಕೆ ಶಾಲೆಯು ಋಣಿಯಾಗಿದೆ. ಹಣ್ಣು ಉದುರಿ ನೆಲವು ಜಾರುತ್ತದೆ, ರಾತ್ರಿ ಬಾವಲಿಗಳು ಬರುತ್ತವೆ, ಹಣ್ಣಿನ ತುಂಬ ಹುಳವಿದೆ ಎಂದು ಪೋಷಕರಲ್ಲಿ ಕೆಲವರು ಬರೆದಿರುವುದೂ ಸುಳ್ಳಲ್ಲ. ಆದಾಗ್ಯೂ ಆ ಮರವು ಉಳಿಯತಕ್ಕದ್ದೆಂಬುದು ನನ್ನ ಅಭಿಪ್ರಾಯವು.

ಹುಳದ ಮಾತನ್ನೇ ಮೊದಲು ಎತ್ತಿಕೊಳ್ಳುವೆನು. ಅತ್ತಿಯ ಹಣ್ಣು ಬಿಚ್ಚಿದರೆ ಬರೀ ಹುಳ ಎಂದು ನಾವು ಕಪಟಿಗಳ ವಿಷಯದಲ್ಲಿ ಆಡುತ್ತೇವೆ. ಗಾದೆಯು ಕಂಡದ್ದನ್ನು ಸರಿಯಾಗಿ ಹೇಳಿದೆ, ಅರ್ಥವನ್ನು ಮಾತ್ರ ತಪ್ಪಾಗಿ ಮಾಡಿದೆ. ಅತ್ತಿಯ ಕಾಯಿಯೆಂದರೆ ಅಸಂಖ್ಯ ಚಿಕ್ಕ ಹೂಗಳನ್ನು ಒಳಮುಖವಾಗಿ ತುಂಬಿ ಬಾಯಿ ಬಿಗಿದ ಚೀಲವು. ಎಳ್ಳುಕಾಳಿಗಿಂತ ದೊಡ್ಡದಲ್ಲದ ಹೆಣ್ಣು ಕಣಜವೊಂದು ಆ ಇಕ್ಕಟ್ಟಾದ ಬಾಯೊಳಗೆ ನುಗ್ಗುವಾಗ ರೆಕ್ಕೆಗಳನ್ನು ಕಳೆದುಕೊಂಡು, ತಾನು ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆ. ಮೊಟ್ಟೆಯಿಟ್ಟ ಹೂವು ಮರಿಗೆ ಆಹಾರವಾಗುತ್ತದೆ, ಉಳಿದವು ಬೀಜವಾಗುತ್ತವೆ. ಮರಿಗಳು ಬೆಳೆದ ಮೇಲೆ ರೆಕ್ಕೆಯಿಲ್ಲದ ಗಂಡುಗಳು ಗೋಡೆಯನ್ನು ಕೊರೆದು ದಾರಿ ಮಾಡುತ್ತವೆ. ಹೆಣ್ಣುಗಳು ಪರಾಗವನ್ನು ಹೊತ್ತು ಹಾರಿಹೋಗುತ್ತವೆ. ಈ ಹುಳವಿಲ್ಲದೆ ಅತ್ತಿಗೆ ಬೀಜವಿಲ್ಲ, ಅತ್ತಿಯಿಲ್ಲದೆ ಹುಳಕ್ಕೆ ಸಂತಾನವಿಲ್ಲ.

ಸೃಷ್ಟಿಯಲ್ಲಿ ಎಲ್ಲವೂ ಪರಸ್ಪರ ಪ್ರೀತಿಯಿಂದಲೇ ನಡೆಯುತ್ತದೆಂದು ಮಕ್ಕಳಿಗೆ ಹೇಳುವುದು ನಮ್ಮಂಥ ಶಾಲೆಗಳಲ್ಲಿ ವಾಡಿಕೆ. ನಾನು ಅದನ್ನು ಒಪ್ಪುವವಳಲ್ಲ. ಇದೇ ಕಾಯಿಗೆ ಬೇರೆ ಜಾತಿಯ ಕಣಜಗಳೂ ಬಂದು, ಪರಾಗಸೇವೆಯನ್ನೇನೂ ಮಾಡದೆ, ಉದ್ದನೆಯ ಸೂಜಿಯಂಥ ಅಂಗದಿಂದ ಹೊರಗಿನಿಂದಲೇ ಚುಚ್ಚಿ ಮೊಟ್ಟೆಯಿಡುತ್ತವೆ. ಕಾಯಿಗಳ ಮೇಲೆ ತಿರುಗಾಡುವ ಚಗಳಿಯೇ ಮೊದಲಾದ ಇರುವೆಗಳು ಅವುಗಳನ್ನು ಹಿಡಿದು ತಿನ್ನುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜೆಸ್ ಅವರೂ ಅವರ ಶಿಷ್ಯರೂ ಈ ಅತ್ತಿಯನ್ನೂ ಅದರ ಕಣಜ, ಇರುವೆಗಳನ್ನೂ ಪರಿಶೀಲಿಸಿದ್ದಾರೆ. ಉಪಕಾರಿ, ಕಳ್ಳ, ಕಾವಲುಗಾರ ಎಲ್ಲರೂ ಒಂದೇ ಕೊಂಬೆಯಲ್ಲಿರುವಾಗ, ನಮ್ಮ ಹುಡುಗಿಯರು ಸಹಜೀವನ, ಪರಾವಲಂಬನ ಎಂಬ ಶಬ್ದಗಳನ್ನು ಪುಸ್ತಕದಿಂದ ಬಾಯಿಪಾಠ ಮಾಡಿ ಪರೀಕ್ಷೆಯ ಮರುದಿನ ಮರೆಯುವುದು ನನಗೆ ಬಹಳ ವ್ಯಸನಕರವಾಗಿದೆ.

ಒಂದು ಮರ ಹೋದರೆ ಏನಾಯಿತೆಂದು ಕೇಳಬಹುದು. ಒಂದು ಮರದ ಕಾಯಿಗಳು ಬಹುಮಟ್ಟಿಗೆ ಒಂದೇ ಹದದಲ್ಲಿರುವುದರಿಂದ, ಹೊರಟ ಕಣಜಕ್ಕೆ ಎಳೆಗಾಯಿ ಬಿಟ್ಟ ಬೇರೊಂದು ಮರವು ಬೇಕು. ಅದರ ಆಯುಸ್ಸೋ ಒಂದೆರಡು ದಿನ. ರಸ್ತೆಯ ಅಗಲೀಕರಣದಲ್ಲಿ ಸಾಲುಮರಗಳು ಹೋಗುತ್ತಿರುವ ಈ ಕಾಲದಲ್ಲಿ ನಮ್ಮ ಮರವನ್ನೂ ಕಡಿದರೆ ನಷ್ಟವು ನಮ್ಮ ಗೋಡೆಯೊಳಗೆ ನಿಲ್ಲುವುದಿಲ್ಲ.

ಜೊತೆಗಾರ ಹುಳವಿಲ್ಲದ ಅತ್ತಿಯ ಗತಿಯನ್ನು ಸತ್ಯವೇದವನ್ನು ಓದುವವರು ಬಲ್ಲರು, ಗಮನಿಸಿರಲಿಕ್ಕಿಲ್ಲ ಅಷ್ಟೆ. ಇಸ್ರಾಯೇಲ್ ದೇಶದಲ್ಲಿ ಜಕ್ಕಾಯನು ಹತ್ತಿದ ಮರವು ಪುರಾತನ ಕಾಲದಲ್ಲಿ ಆಫ್ರಿಕದಿಂದ ತರಲ್ಪಟ್ಟ ಬೇರೊಂದು ಜಾತಿಯ ಅತ್ತಿ. ಮರವು ಬಂದಿತು, ಪರಾಗವನ್ನೊಯ್ಯುವ ಅದರ ಕಣಜವು ಬರಲಿಲ್ಲ. ಆದಕಾರಣ ಅಲ್ಲಿ ಬೀಜವಾಗದೆ, ಕೊಂಬೆ ನೆಟ್ಟು ಮರ ಬೆಳೆಸಬೇಕಾಯಿತು. ಕಾಯಿ ಹಣ್ಣಾಗಲು ಒಂದೊಂದನ್ನೂ ಮನುಷ್ಯನು ಗೀರಬೇಕಾಯಿತು. ಪ್ರವಾದಿಯಾದ ಆಮೋಸನು ತನ್ನ ಕಸುಬನ್ನು ಹೇಳಿಕೊಳ್ಳುವಲ್ಲಿ ಗ್ರೀಕ್ ಭಾಷಾಂತರಕಾರರು ಗೀರುವುದೆಂಬ ಅರ್ಥದ ಶಬ್ದವನ್ನೇ ಇಟ್ಟಿದ್ದಾರೆ. ಎಳ್ಳಿನಷ್ಟು ಹುಳದ ಕೆಲಸದಲ್ಲಿ ಅರ್ಧವನ್ನು ಮಾಡಲು ಒಬ್ಬ ಆಳು ಬೇಕಾದನು!

ಬಾವಲಿಗಳು ಬೀಜವನ್ನು ದೂರಕ್ಕೆ ಒಯ್ಯತಕ್ಕವುಗಳು. ಅವು ಬರುವ ಹೊತ್ತಿಗೆ ಮಕ್ಕಳು ಮನೆಯಲ್ಲಿರುತ್ತಾರೆ. ಉದುರಿದ ಹಣ್ಣನ್ನು ಗುಡಿಸಲು ತರಗತಿಗಳಿಗೆ ಸರದಿಯನ್ನು ಗೊತ್ತುಮಾಡುವೆನು. ಆಟದ ಕಣಕ್ಕೆ ಪಡುವಣ ಬದಿಯಲ್ಲಿ ಹಳೆಯ ಸೈಕಲ್ ಚಪ್ಪರದ ಸ್ಥಳವಿದೆ. ಚಪ್ಪರವನ್ನು ಕಿತ್ತು ನೆಲವನ್ನು ಸಮಮಾಡುವ ವೆಚ್ಚವು ಹೆಚ್ಚಾಗುವುದು ನಿಜ. ದಾನಿಗಳು ವಾರ್ಷಿಕ ಸಭೆಗೆ ಬರುವಾಗ ಎರಡು ಸ್ಥಳಗಳನ್ನೂ ನೋಡಿ ತಮ್ಮ ಉತ್ತರವನ್ನು ತಿಳಿಸಬೇಕೆಂದು ಕೋರುತ್ತೇನೆ.